ಪೀಠದಲ್ಲಿ ಮಾತು ನಿಂತಾಗ: ವಿದ್ಯಾರ್ಥಿಯ ಮನಸ್ಸು ಮತ್ತು ನಮ್ಮ ಜ್ಞಾನಪರಂಪರೆ

ಕೆಲವು ವರ್ಷಗಳ ಹಿಂದಿನ ಮಾತು. ಅಸರ್ ನಮಾಝ್ ಮುಗಿದು ಜನರು ಚದುರಿದ ಬಳಿಕ ನಮ್ಮ ಜಮಾಅತ್‌ನ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಮದ್ರಸದ ಬಾಗಿಲಿಗೆ ಬಂದರು. ಹುಡುಗ ನಗರದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ. ರಜೆಗೆ ಊರಿಗೆ ಬಂದವನು ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ರಾತ್ರಿ ನಿದ್ರೆಯಿಲ್ಲ, ಹಗಲು ಹಾಸಿಗೆಯಿಂದ ಏಳುವುದಿಲ್ಲ, ಪುಸ್ತಕ ತೆರೆದರೆ ಕಣ್ಣಲ್ಲಿ ನೀರು. “ಉಸ್ತಾದರೇ, ಇವನಿಗೆ ನಾಲ್ಕು ಬುದ್ಧಿಮಾತು ಹೇಳಿ” ಎಂದರು ಆ ತಾಯಿ.

ನಾವು ನಾಲ್ಕಲ್ಲ, ನಲ್ವತ್ತು ಹೇಳಿದೆವು. ನಮಾಝ್ ಸಕಾಲಕ್ಕೆ ನಿರ್ವಹಿಸಬೇಕು, ಮೊಬೈಲ್ ಬದಿಗಿಡಬೇಕು, ಗಲ್ಫ್‌ನಲ್ಲಿ ಬೆವರು ಸುರಿಸುವ ತಂದೆಯನ್ನು ನೆನೆಯಬೇಕು, ಈಮಾನ್ ಬಲವಾಗಿದ್ದರೆ ದುಃಖ ಹತ್ತಿರವೂ ಸುಳಿಯದು ಎಂದೆಲ್ಲ ಉಪದೇಶಿಸಿದೆವು. ಹುಡುಗ ತಲೆತಗ್ಗಿಸಿ ಕೇಳಿದ. “ಆಯಿತು ಉಸ್ತಾದ್” ಎಂದು ಎದ್ದು ಹೋದ. ಮೂರು ತಿಂಗಳ ಬಳಿಕ ಅವನು ಪರೀಕ್ಷೆಗೆ ಕೂರದೆ ಹಾಸ್ಟೆಲ್ ಬಿಟ್ಟು ಬಂದನೆಂಬ ಸುದ್ದಿ ಬಂತು.

ಆ ರಾತ್ರಿ ನಮಗೊಂದು ವಿಷಯ ಹೊಳೆಯಿತು. ಅಂದು ನಾವು ಅಷ್ಟು ಹೊತ್ತು ಮಾತನಾಡಿದ್ದೆವು, ಆದರೆ ಅವನಿಗೆ ಏನಾಗುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವನಂಥದೇ ಸ್ಥಿತಿಯನ್ನು ಇಮಾಮ್ ಗಝ್ಝಾಲಿ(ರ) ತಮ್ಮ ಬದುಕಿನ ಅನುಭವವಾಗಿ ಬರೆದಿಟ್ಟಿದ್ದಾರೆ. ಆ ಗ್ರಂಥ ನಮ್ಮ ಕಪಾಟಿನಲ್ಲಿಯೇ ಇತ್ತು, ಹಿಂದೆ ನಾವು ಓದಿಯೂ ಇದ್ದೆವು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಬಂದು ಕುಳಿತಾಗ ಗುರುತಿಸದೆ ಹೋದೆವು. ಆ ತಪ್ಪಿನಿಂದ ಹುಟ್ಟಿದ ಬರಹವಿದು.

ಬಗ್ದಾದಿನ ಪೀಠದಲ್ಲಿ

ಅಬೂ ಹಾಮಿದ್ ಮುಹಮ್ಮದ್ ಅಲ್ ಗಝ್ಝಾಲಿಯವರು 1058ರಲ್ಲಿ ಖುರಾಸಾನಿನ ತೂಸ್ ಎಂಬಲ್ಲಿ ಜನಿಸಿದರು. ತಂದೆ ಉಣ್ಣೆ ನೂತು ಮಾರಿ ಬದುಕುತ್ತಿದ್ದ ಬಡವರು. ಮರಣ ಸಮೀಪಿಸಿದಾಗ ಅವರು ತಮ್ಮಲ್ಲಿದ್ದ ಅಲ್ಪ ಹಣದೊಂದಿಗೆ ಇಬ್ಬರು ಮಕ್ಕಳನ್ನು ಸಜ್ಜನ ಗೆಳೆಯನೊಬ್ಬನಿಗೆ ಒಪ್ಪಿಸಿದರು. ಹಣ ತೀರಿದಾಗ ಆ ಗೆಳೆಯನು, ಯಾವುದಾದರೂ ಮದ್ರಸಕ್ಕೆ ಸೇರಿಕೊಳ್ಳಿ, ಅಲ್ಲಿ ಹೊಟ್ಟೆಗಾದರೂ ಸಿಗುತ್ತದೆ ಎಂದು ಸಲಹೆ ಕೊಟ್ಟನೆಂದು ಚರಿತ್ರಕಾರರು ದಾಖಲಿಸಿದ್ದಾರೆ. ತಾವು ಜ್ಞಾನದ ಬಾಗಿಲಿಗೆ ಬಂದದ್ದು ಅಲ್ಲಾಹನಿಗಾಗಿ ಅಲ್ಲ, ಆದರೆ ಜ್ಞಾನವೇ ತಮ್ಮನ್ನು ಅಲ್ಲಾಹನ ಕಡೆಗೆ ಎಳೆದೊಯ್ಯಿತು ಎಂಬರ್ಥದ ಮಾತನ್ನು ಇಮಾಮರು ಮುಂದೆ ಹೇಳಿದ್ದುಂಟು. ವಿದ್ಯಾರ್ಥಿವೇತನಕ್ಕಾಗಿ ಅಥವಾ ಸಿಕ್ಕ ಸೀಟಿಗಾಗಿ ಒಂದು ಕೋರ್ಸಿಗೆ ಸೇರಿ, ತನ್ನ ಸಂಕಲ್ಪ ಸರಿಯಿಲ್ಲವೇನೋ ಎಂದು ಕೊರಗುವ ವಿದ್ಯಾರ್ಥಿಗೆ ಇದರಲ್ಲಿ ಸಾಂತ್ವನವಿದೆ. ಸಂಕಲ್ಪವನ್ನು ದಾರಿಯಲ್ಲಿಯೂ ತಿದ್ದಿಕೊಳ್ಳಬಹುದು.

ನಿಶಾಪುರದಲ್ಲಿ ಇಮಾಮುಲ್ ಹರಮೈನ್ ಅಲ್ ಜುವೈನಿ(ರ)ಯವರ ಬಳಿ ಕಲಿತು, 1091ರಲ್ಲಿ, ಇನ್ನೂ ಮೂವತ್ತಮೂರರ ಪ್ರಾಯದಲ್ಲಿ, ಅವರು ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಧಾನ ಪೀಠಕ್ಕೆ ನೇಮಕಗೊಂಡರು. ಅಂದಿನ ಮುಸ್ಲಿಮ್ ಜಗತ್ತಿನಲ್ಲಿ ಅದಕ್ಕಿಂತ ಹಿರಿದಾದ ಅಧ್ಯಾಪನ ಸ್ಥಾನಗಳು ವಿರಳ. ಮುನ್ನೂರು ಮಂದಿ ವಿದ್ಯಾರ್ಥಿಗಳು ಅವರ ಮುಂದೆ ಕೂರುತ್ತಿದ್ದರು. ಕೀರ್ತಿ, ಸಂಪತ್ತು, ಆಸ್ಥಾನದ ಮನ್ನಣೆ, ಯಾವುದಕ್ಕೂ ಕೊರತೆಯಿರಲಿಲ್ಲ.

1095ರಲ್ಲಿ, ಹಿಜರಿ 488ರ ರಜಬ್ ತಿಂಗಳಲ್ಲಿ, ಅವರೊಳಗೆ ಏನೋ ಮುರಿಯಿತು. ತಾನು ಕಲಿಸುತ್ತಿರುವುದು ಯಾರಿಗಾಗಿ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಎಲ್ಲವನ್ನೂ ತೊರೆದು ಹೊರಡಬೇಕೆಂದು ಒಂದು ದಿನ ನಿರ್ಧರಿಸುವರು, ಮರುದಿನ ಆ ನಿರ್ಧಾರ ಕುಸಿಯುವುದು. ಹೀಗೆ ಸುಮಾರು ಆರು ತಿಂಗಳು ಕಳೆದವು. ಕೊನೆಗೆ ನಾಲಗೆಯೇ ನಿಂತುಹೋಯಿತು. ತಮ್ಮನ್ನು ನಂಬಿ ಬಂದ ವಿದ್ಯಾರ್ಥಿಗಳ ಮನಸ್ಸಂತೋಷಕ್ಕಾಗಿ ಒಂದು ದಿನವಾದರೂ ಪಾಠ ಹೇಳೋಣವೆಂದು ಯತ್ನಿಸಿದರು, ಒಂದು ಪದವೂ ಹೊರಡಲಿಲ್ಲ. ದುಃಖವು ದೇಹಕ್ಕೂ ಇಳಿಯಿತು. ಒಂದು ತುತ್ತು ಅನ್ನ ಜೀರ್ಣವಾಗದು, ಒಂದು ಗುಟುಕು ಸಾರು ಗಂಟಲಲ್ಲಿ ಇಳಿಯದು. ವೈದ್ಯರು ಪರೀಕ್ಷಿಸಿ, ರೋಗವು ಹೃದಯದಲ್ಲಿ ಹುಟ್ಟಿ ದೇಹಕ್ಕೆ ಹಬ್ಬಿದೆ, ಮನದ ಭಾರ ಇಳಿಯದ ಹೊರತು ನಮ್ಮ ಔಷಧ ಕೆಲಸ ಮಾಡದು ಎಂದು ಕೈಚೆಲ್ಲಿದರು.

ಇದನ್ನೆಲ್ಲ ಯಾರೋ ಶತ್ರುಗಳು ಬರೆದಿಟ್ಟದ್ದಲ್ಲ. ‘ಅಲ್ ಮುನ್‌ಕಿಝ್ ಮಿನದ್ದಲಾಲ್’ ಎಂಬ ಕೃತಿಯಲ್ಲಿ ಇಮಾಮರೇ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾರೆ. ಅದಕ್ಕೂ ಹಿಂದೆ ಎರಡು ತಿಂಗಳ ಕಾಲ ಎಲ್ಲದರ ಬಗೆಗೂ ಸಂದೇಹ ಕಾಡಿದ್ದನ್ನು, ಅದನ್ನು ಒಂದು ಕಾಯಿಲೆಯೆಂದೇ ಭಾವಿಸಿದ್ದನ್ನು ಅವರು ಅಲ್ಲಿ ಮರೆಮಾಚಿಲ್ಲ. ಹುಜ್ಜತುಲ್ ಇಸ್ಲಾಮ್ ಎಂದು ಸಮುದಾಯವು ಗೌರವಿಸುವ ವ್ಯಕ್ತಿಯೇ ತನ್ನ ಕುಸಿತವನ್ನು ಬರೆದಿಡಲು ನಾಚದಿದ್ದಾಗ, ನಮ್ಮ ಮನೆಯ ಹತ್ತೊಂಬತ್ತರ ಹುಡುಗ ಅಥವಾ ಹುಡುಗಿ ತನ್ನ ಸಂಕಟವನ್ನು ಹೇಳಲು ಏಕೆ ನಾಚಬೇಕು?

ಅವರು ಬಗ್ದಾದ್ ತೊರೆದರು. ಹೋಗುವ ಮುನ್ನ ಮಕ್ಕಳ ಪೋಷಣೆಗೆ ಬೇಕಾದುದನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿದರು. ದಮಾಸ್ಕಸ್‌ನಲ್ಲಿ ಸುಮಾರು ಎರಡು ವರ್ಷ ಕಳೆದರು, ಜೆರುಸಲೇಮಿಗೆ ಹೋದರು, ಹಜ್ ನಿರ್ವಹಿಸಿದರು, ಮಕ್ಕಳ ಕರೆಗೆ ಓಗೊಟ್ಟು ತವರಿಗೆ ಮರಳಿದರು. ಹನ್ನೊಂದು ವರ್ಷಗಳ ಬಳಿಕ, 1106ರಲ್ಲಿ, ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಗ್ರಂಥ ನಮಗೆ ದೊರೆತದ್ದು ಆ ಹನ್ನೊಂದು ವರ್ಷಗಳಿಂದಲೇ. ಲೋಕದ ಲೆಕ್ಕದಲ್ಲಿ ಅದು ವ್ಯರ್ಥವಾದ ಕಾಲ. ಇಂದಿನ ಭಾಷೆಯಲ್ಲಿ ‘ಇಯರ್ ಬ್ಯಾಕ್’.

ವಿದ್ಯಾರ್ಥಿಗಳೆಲ್ಲ ಓದು ಬಿಟ್ಟು ಹೊರಡಬೇಕೆಂದು ಇದರ ಅರ್ಥವಲ್ಲ. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ತಪ್ಪಿದ ಮಾತ್ರಕ್ಕೆ ಬದುಕು ಮುಗಿಯಿತೆಂದು ಯಾರೂ ತೀರ್ಮಾನಿಸಬಾರದು ಎಂಬುದಷ್ಟೇ ಇದರ ತಾತ್ಪರ್ಯ.

ದುಃಖವು ಈಮಾನಿನ ಕೊರತೆಯೇ?

ಈಮಾನ್ ಇದ್ದರೆ ದುಃಖ ಸುಳಿಯದು ಎಂದು ಅಂದು ನಾವು ಆ ಹುಡುಗನಿಗೆ ಹೇಳಿದ್ದು ಪ್ರಮಾಣಗಳಿಗೆ ವಿರುದ್ಧವಾದ ಮಾತು. ಮಗನ ಅಗಲಿಕೆಯ ದುಃಖದಲ್ಲಿ ಪ್ರವಾದಿ ಯಅ್‌ಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಪತ್ನಿ ಖದೀಜಾ(ರ) ಮತ್ತು ಆಸರೆಯಾಗಿದ್ದ ಅಬೂ ತಾಲಿಬ್ ಒಂದೇ ವರ್ಷದಲ್ಲಿ ಅಗಲಿದಾಗ ಪ್ರವಾದಿವರ್ಯರು(ಸ) ಅನುಭವಿಸಿದ ನೋವು ಎಷ್ಟಿತ್ತೆಂದರೆ, ಚರಿತ್ರೆಯಲ್ಲಿ ಆ ವರ್ಷಕ್ಕೆ ‘ದುಃಖದ ವರ್ಷ’ ಎಂಬ ಹೆಸರೇ ನಿಂತಿತು. ಅವರಿಗಿಂತ ಬಲವಾದ ಈಮಾನ್ ಯಾರಿಗಿದ್ದೀತು?

ಮರ್ಯಮ್(ಅ)ರ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಪ್ರಸವ ವೇದನೆಯಲ್ಲಿ, ಜನರ ನಿಂದೆಯ ಭಯದಲ್ಲಿ, ಖರ್ಜೂರದ ಮರದ ಬುಡದಲ್ಲಿ ಒಂಟಿಯಾಗಿ ಕುಳಿತ ಅವರು, ತಾನು ಇದಕ್ಕೂ ಮೊದಲೇ ಸತ್ತು ಹೋಗಿರಬಾರದಿತ್ತೇ ಎಂದು ಹಂಬಲಿಸಿದರು. ಅಂತಹ ಮಾತಿಗೆ ಅಲ್ಲಾಹನ ಕಡೆಯಿಂದ ಬಂದ ಉತ್ತರ ಗದರಿಕೆಯಾಗಿರಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು. ಕಾಲ ಬಳಿ ಹರಿಯುವ ನೀರು ಬಂತು. ಮರವನ್ನು ಅಲುಗಾಡಿಸಿದರೆ ಬೀಳುವ ಹಣ್ಣು ಬಂತು. ತಿನ್ನು, ಕುಡಿ, ಕಣ್ಣು ತಂಪಾಗಿಸಿಕೋ ಎಂಬ ಆದೇಶ ಬಂತು. ಯಾರಿಗೂ ವಿವರಣೆ ಕೊಡಬೇಕಿಲ್ಲವೆಂದು ಮೌನದ ಅನುಮತಿಯೂ ಬಂತು. ಮೊದಲು ಆರೈಕೆ, ವಿಚಾರಣೆ ಆ ಮೇಲೆ. ನೊಂದ ಮಗುವಿನ ಮುಂದೆ ತಂದೆತಾಯಿ ಮತ್ತು ಉಸ್ತಾದರು ಅನುಸರಿಸಬೇಕಾದ ಕ್ರಮವೂ ಇದುವೇ.

ಮನಸ್ಸಿಗೂ ವೈದ್ಯ ಬೇಕೆಂದವರು

ಗಝ್ಝಾಲಿಯವರಿಗಿಂತ ಸುಮಾರು ಇನ್ನೂರು ವರ್ಷ ಮೊದಲು ಬಲ್ಖ್ ಪ್ರದೇಶದಲ್ಲಿ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿದ್ದರು. ಅವರ ತಂದೆಯೂ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಜ್ಞಾನಾರ್ಜನೆಗಾಗಿ ಇರಾಕ್‌ಗೆ ಹೋಗಿ ತತ್ತ್ವಜ್ಞಾನಿ ಅಲ್ ಕಿಂದಿಯವರ ಬಳಿ ಕಲಿತು ಮರಳಿದ ಅವರು 934ರಲ್ಲಿ ಇಹಲೋಕ ತ್ಯಜಿಸಿದರು. ‘ಮಸಾಲಿಹುಲ್ ಅಬ್ದಾನ್ ವಲ್ ಅನ್‌ಫುಸ್’ ಅವರ ಮಹತ್ವದ ಗ್ರಂಥ. ದೇಹಗಳ ಮತ್ತು ಮನಸ್ಸುಗಳ ಕ್ಷೇಮ ಎಂಬುದು ಶೀರ್ಷಿಕೆಯ ಅರ್ಥ. ಒಂದು ಭಾಗ ದೇಹಕ್ಕೆ, ಇನ್ನೊಂದು ಭಾಗ ಮನಸ್ಸಿಗೆ ಮೀಸಲು.

ವೈದ್ಯರು ದೇಹದ ಬಗ್ಗೆ ಬರೆಯುತ್ತಾರೆ, ಮನಸ್ಸಿನ ಬಗ್ಗೆ ಬರೆಯುವುದಿಲ್ಲ ಎಂಬುದು ಬಲ್ಖಿಯವರ ಆಕ್ಷೇಪವಾಗಿತ್ತು. ದೇಹದ ಕೆಲವು ರೋಗಗಳು ಒಬ್ಬನಿಗೆ ಜೀವಮಾನದಲ್ಲಿ ಒಮ್ಮೆಯೂ ಬಾರದಿರಬಹುದು, ಆದರೆ ಚಿಂತೆ, ಕೋಪ, ಭಯಗಳಿಂದ ಪೂರ್ಣವಾಗಿ ಪಾರಾದ ಮನುಷ್ಯನಿಲ್ಲ ಎಂದು ಅವರು ತೋರಿಸಿಕೊಟ್ಟರು. ಕೋಪ, ಭಯ, ದುಃಖ, ಕಾಡುವ ಯೋಚನೆಗಳು (ವಸ್‌ವಾಸ್) ಎಂಬ ನಾಲ್ಕನ್ನು ಬೇರೆ ಬೇರೆಯಾಗಿ ವಿವರಿಸಿ, ಒಂದೊಂದಕ್ಕೂ ಪರಿಹಾರ ಸೂಚಿಸಿದರು. ದುಃಖದಲ್ಲಿಯೂ ಎರಡು ಬಗೆಯಿದೆ ಎಂದರು. ಒಂದಕ್ಕೆ ಕಾರಣ ಗೊತ್ತಿರುತ್ತದೆ: ಅಗಲಿಕೆ, ನಷ್ಟ, ಸೋಲು. ಇನ್ನೊಂದಕ್ಕೆ ಕಾರಣವೇ ತಿಳಿಯದು, ಮನಸ್ಸು ಸದಾ ಕವಿದಿರುತ್ತದೆ, ಯಾವುದರಲ್ಲಿಯೂ ಹಿತವೆನಿಸದು. ಈ ಎರಡನೆಯದರ ಮೂಲ ದೇಹದೊಳಗೆ ಇರುವುದರಿಂದ ದೇಹಕ್ಕೂ ಚಿಕಿತ್ಸೆ ಬೇಕು ಎಂಬುದು ಅವರ ನಿಲುವು. “ಇವನಿಗೇನು ಕಡಿಮೆಯಾಗಿದೆ, ಯಾಕೆ ಹೀಗೆ ಕೂರುತ್ತಾನೆ?” ಎಂದು ಕೇಳುವ ಹೆತ್ತವರಿಗೆ ಸಾವಿರ ವರ್ಷಗಳ ಹಿಂದೆಯೇ ಕೊಟ್ಟ ಉತ್ತರವಿದು.

ಅವರ ಇನ್ನೊಂದು ಸಲಹೆ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ. ಜಾಣನಾದವನು ತುರ್ತು ಸಂದರ್ಭಕ್ಕೆಂದು ಮನೆಯಲ್ಲಿ ಔಷಧವನ್ನು ಮೊದಲೇ ಇಟ್ಟುಕೊಳ್ಳುತ್ತಾನೆ. ಹಾಗೆಯೇ ಮನಸ್ಸು ಶಾಂತವಾಗಿರುವಾಗ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಬಿರುಗಾಳಿ ಎದ್ದಾಗ ಅವು ಕೈಗೆ ಸಿಗುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಧೈರ್ಯವನ್ನು ಹುಡುಕಿದರೆ ಸಿಗದು, ಸೆಮಿಸ್ಟರ್‌ನ ಆರಂಭದಲ್ಲಿಯೇ ಕೂಡಿಡಬೇಕು. ಕಾಡುವ ಯೋಚನೆಗಳಿದ್ದವನು ಒಂಟಿಯಾಗಿ ಇರಬಾರದು, ಜನರ ನಡುವೆ ಇರಬೇಕು ಎಂದೂ ಅವರು ಹೇಳಿದ್ದಾರೆ. ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿ ಮೊಬೈಲ್‌ನ ಬೆಳಕಿನಲ್ಲಿ ರಾತ್ರಿ ಕಳೆಯುವವರು ಇದನ್ನು ನೆನಪಿಡಲಿ.

ಇದು ಕೇವಲ ಗ್ರಂಥದ ಮಾತಾಗಿ ಉಳಿಯಲಿಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು, ಅದರ ಖರ್ಚು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ರೋಗದೊಂದಿಗೆ ಅದರ ಔಷಧವನ್ನೂ ಇಟ್ಟಿದ್ದಾನೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಹಿಂದಿನವರು ಮನಸ್ಸಿನ ರೋಗಕ್ಕೂ ಅನ್ವಯಿಸಿದರು. ಅದನ್ನು ಜ್ವರಕ್ಕೆ ಮಾತ್ರ ಸೀಮಿತಗೊಳಿಸಿದವರು ನಾವು.

ಕಲಿಯುವವನ ದಿನಚರಿ

ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ಮಧ್ಯ ಏಷ್ಯಾದಲ್ಲಿ ‘ಹಿದಾಯಾ’ ಗ್ರಂಥಕರ್ತರಾದ ಅಲ್ ಮರ್‌ಗೀನಾನಿ(ರ)ಯವರ ಶಿಷ್ಯ ಝರ್‌ನೂಜಿಯವರು ‘ತಅ್‌ಲೀಮುಲ್ ಮುತಅಲ್ಲಿಮ್’ ಎಂಬ ಪುಟ್ಟ ಕೃತಿ ರಚಿಸಿದರು. ದರ್ಸ್‌ನಲ್ಲಿ ಕಲಿತವರಿಗೆ ಇದರ ಪರಿಚಯವಿರುತ್ತದೆ. ತಮ್ಮ ಕಾಲದ ಅನೇಕ ವಿದ್ಯಾರ್ಥಿಗಳು ಶ್ರಮಪಟ್ಟರೂ ಫಲ ಕಾಣದಿರುವುದನ್ನು ನೋಡಿ, ಅವರು ಸೋಮಾರಿಗಳಲ್ಲ, ದಾರಿ ತಪ್ಪಿದವರು ಎಂದು ಗುರುತಿಸಿ ಅವರು ಈ ಕೃತಿಯನ್ನು ಬರೆದರು. ಸೋತ ವಿದ್ಯಾರ್ಥಿಯನ್ನು ಈ ಕಣ್ಣಿನಿಂದ ನೋಡುವುದೇ ಒಂದು ದೊಡ್ಡ ಪಾಠ.

ಬುಖಾರಾಕ್ಕೆ ಕಲಿಯಲು ಹೋದವನು ಗುರುವನ್ನು ಆರಿಸಲು ಅವಸರ ಮಾಡಬಾರದು, ಎರಡು ತಿಂಗಳು ನೋಡಿ, ಬಲ್ಲವರಲ್ಲಿ ಸಮಾಲೋಚಿಸಿ ನಿರ್ಧರಿಸಬೇಕು ಎಂಬ ಸಲಹೆ ಅದರಲ್ಲಿದೆ. ನೆರೆಮನೆಯ ಹುಡುಗ ಸೇರಿದನೆಂದು ನಮ್ಮ ಮಗನನ್ನೂ ಅದೇ ಕೋರ್ಸಿಗೆ ಸೇರಿಸುವ ನಾವು ಎರಡು ದಿನವೂ ಯೋಚಿಸುವುದಿಲ್ಲ. ಆರಂಭದಲ್ಲಿ ಪಾಠದ ಪ್ರಮಾಣ ಎರಡು ಬಾರಿ ಆವರ್ತಿಸಿದರೆ ನೆನಪಿನಲ್ಲಿ ಉಳಿಯುವಷ್ಟಿರಲಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಲಿ ಎಂಬ ಇಮಾಮ್ ಅಬೂ ಹನೀಫಾ(ರ)ರ ವಿಧಾನವನ್ನು ಅವರು ಉಲ್ಲೇಖಿಸುತ್ತಾರೆ. ಒಂದು ವಿಷಯದಲ್ಲಿ ಬೇಸರ ಬಂದಾಗ ಇಬ್ನು ಅಬ್ಬಾಸ್(ರ)ರು ಕವಿತೆಗಳನ್ನು ತರಿಸುತ್ತಿದ್ದರೆಂಬುದನ್ನೂ ನೆನಪಿಸುತ್ತಾರೆ. ರಾತ್ರಿ ಎಚ್ಚರವಿದ್ದು ಓದುವುದನ್ನು ಹೊಗಳುವ ಅದೇ ಝರ್‌ನೂಜಿ, ದೇಹ ಸೋತು ಕೆಲಸವೇ ನಿಲ್ಲುವಷ್ಟು ತನ್ನನ್ನು ದಂಡಿಸಿಕೊಳ್ಳಬಾರದು, ಮೃದುತ್ವವೇ ಎಲ್ಲದರ ಬುನಾದಿ ಎಂದು ಎಚ್ಚರಿಸುತ್ತಾರೆ.

ಈ ಮೃದುತ್ವದ ಬೇರು ಪ್ರವಾದಿಯವರ(ಸ) ಮದೀನಾದಲ್ಲಿದೆ. ಸಲ್ಮಾನ್ ಫಾರಿಸಿ(ರ)ಯವರು ಸಹೋದರ ಅಬೂದರ್ದಾ(ರ)ರ ಮನೆಗೆ ಹೋದರು. ಅವರು ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಮನೆ ಸಂಸಾರ ಮರೆತಿದ್ದರು. ನೀವು ಉಣ್ಣದೆ ನಾನೂ ಉಣ್ಣೆ ಎಂದು ಸಲ್ಮಾನ್(ರ) ಅವರಿಗೆ ಉಣಿಸಿದರು. ರಾತ್ರಿ ನಮಾಝಿಗೆ ಎದ್ದಾಗ ಮಲಗಿಸಿದರು, ಕೊನೆಯ ಜಾವದಲ್ಲಿ ತಾವೇ ಎಬ್ಬಿಸಿದರು. ಪ್ರಭುವಿಗೂ, ನಿಮ್ಮ ಶರೀರಕ್ಕೂ, ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಎಲ್ಲರ ಹಕ್ಕನ್ನೂ ಸಲ್ಲಿಸಿ ಎಂದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಸಲ್ಮಾನರ ಮಾತು ನಿಜವೆಂದರು. ಆರಾಧನೆಯ ಹೆಸರಿನಲ್ಲಿಯೂ ದೇಹದ ಹಕ್ಕನ್ನು ಕಸಿಯಲು ಅನುಮತಿ ಇಲ್ಲದಿರುವಾಗ, ಅಂಕಪಟ್ಟಿಯ ಹೆಸರಿನಲ್ಲಿ ಇದೆಯೇ?

ಒಂಟಿಯಾಗಿ ಕಲಿತವರಿಲ್ಲ

ಬೀದರಿಗೆ ಹೋದವರು ಮಹಮೂದ್ ಗವಾನ್ ಮದ್ರಸವನ್ನು ನೋಡಿರಬಹುದು. ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ ಗವಾನರು 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಕಟ್ಟಡವದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ನಡೆದ ಸ್ಫೋಟದಲ್ಲಿ ಅದರ ಒಂದು ಭಾಗ ನಾಶವಾದರೂ ಉಳಿದ ಮಿನಾರ ಮತ್ತು ಬಣ್ಣದ ಹೆಂಚುಗಳು ಇಂದಿಗೂ ಕಣ್ಸೆಳೆಯುತ್ತವೆ. ನಮಗೆ ಮಿನಾರಕ್ಕಿಂತ ಮುಖ್ಯವೆನಿಸಿದ್ದು ಕಟ್ಟಡದ ವಿನ್ಯಾಸ. ಗ್ರಂಥಾಲಯ, ಪಾಠದ ಸಭಾಂಗಣ, ಮಸೀದಿ, ಗುರುಗಳ ವಸತಿ, ವಿದ್ಯಾರ್ಥಿಗಳ ಕೋಣೆಗಳು, ಎಲ್ಲವೂ ಒಂದೇ ಅಂಗಳದ ಸುತ್ತ. ಕೋಣೆಯಿಂದ ಹೊರಬಂದ ವಿದ್ಯಾರ್ಥಿ ಗುರುವಿನ ಕಣ್ಣಿಗೆ ಬೀಳದೆ ಇರಲಾರ. ಎರಡು ದಿನ ಕಾಣದಿದ್ದರೆ ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ.

ನಮ್ಮ ಕರಾವಳಿಯ ಮಸೀದಿ ದರ್ಸ್‌ಗಳಲ್ಲಿ ಅಂಗಳದ ಕೆಲಸವನ್ನು ಇಡೀ ಊರು ಮಾಡುತ್ತಿತ್ತು. ದೂರದ ಊರಿನಿಂದ ಬಂದ ಮುತಅಲ್ಲಿಮ್‌ಗಳಿಗೆ ಜಮಾಅತ್‌ನ ಮನೆಗಳಲ್ಲಿ ಊಟ. ಬಡತನದ ಮನೆಯಾದರೂ ಮುತಅಲ್ಲಿಮ್‌ನ ಪಾಲು ತೆಗೆದಿಡುತ್ತಿದ್ದರು. ನಾವೂ ಹಾಗೆ ಉಂಡು ಕಲಿತವರು. ಒಂದು ರಾತ್ರಿ ಅನ್ನ ಬಿಟ್ಟು ಎದ್ದರೆ ಆ ಮನೆಯ ತಾಯಿ, “ಏನು ಮಗಾ, ಹುಷಾರಿಲ್ಲವಾ?” ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಎಷ್ಟು ಮಂದಿಯನ್ನು ಕಾಪಾಡಿತೋ ಅಲ್ಲಾಹನೇ ಬಲ್ಲ. ಇಂದು ನಮ್ಮ ಮಕ್ಕಳು ಮೆಸ್‌ನಲ್ಲಿ ತಟ್ಟೆ ತುಂಬಾ ಅನ್ನ ಬಿಟ್ಟು ಎದ್ದರೂ ಕೇಳುವವರಿಲ್ಲ. ನಾವು ಫೋನ್ ಮಾಡಿದಾಗ ಕೇಳುವುದು ಮಾರ್ಕ್ಸ್ ಎಷ್ಟು ಬಂತು ಎಂದು.

ನಾವು ಮಾಡಬಹುದಾದುದು

ಆ ಹುಡುಗನ ಬಳಿಗೆ ನಾವು ಮತ್ತೆ ಹೋದೆವು. ಈ ಬಾರಿ ಉಪದೇಶವಿರಲಿಲ್ಲ. ಬಹಳ ಹೊತ್ತಿನ ಮೌನದ ಬಳಿಕ ಅವನು, “ಉಸ್ತಾದ್, ನಮಾಝಿನಲ್ಲಿ ನಿಂತರೂ ಏನೂ ಅನಿಸುವುದಿಲ್ಲ. ನಾನು ಕೆಟ್ಟುಹೋದೆನೋ ಎಂದು ಭಯವಾಗುತ್ತದೆ” ಎಂದ. ನಮ್ಮ ಹಿಂದಿನ ಉಪದೇಶ ಆ ಭಯಕ್ಕೆ ಇನ್ನಷ್ಟು ಭಾರ ಹೇರಿತ್ತು. ಗಝ್ಝಾಲಿಯವರ ಕಥೆ ಹೇಳಿದೆವು. ಅವನು ಮೊದಲ ಬಾರಿ ತಲೆಯೆತ್ತಿ, “ಅವರಿಗೂ ಹೀಗಾಗಿತ್ತಾ?” ಎಂದು ಕೇಳಿದ. ಅವನ ತಂದೆಯೊಡನೆ ಫೋನಿನಲ್ಲಿ ಮಾತನಾಡಿ, ಮನೋವೈದ್ಯರ ಬಳಿಗೆ ಕರೆದೊಯ್ದೆವು. ಗುಣವಾಗಲು ಸಮಯ ಹಿಡಿಯಿತು. ಒಂದು ವರ್ಷ ತಡವಾಗಿ ಓದು ಮುಗಿಸಿದ. ಅಲ್‌ಹಮ್ದುಲಿಲ್ಲಾಹ್.

ವಿದ್ಯಾರ್ಥಿಗಳೇ, ನಿದ್ರೆ, ಊಟ, ನಮಾಝ್ ಇವು ಮೂರಕ್ಕೂ ಸಮಯ ಗೊತ್ತುಮಾಡಿಕೊಳ್ಳಿ. ಐದು ಹೊತ್ತಿನ ನಮಾಝ್ ದಿನಕ್ಕೊಂದು ಚೌಕಟ್ಟು ಕೊಡುತ್ತದೆ, ಜಮಾಅತ್ ನಿಮ್ಮನ್ನು ಕೋಣೆಯಿಂದ ಹೊರತರುತ್ತದೆ. ಮನಸ್ಸು ಬಿಚ್ಚಿ ಮಾತನಾಡಬಲ್ಲ ಒಬ್ಬ ಸಲ್ಮಾನ್ ನಿಮಗಿರಲಿ, ನೀವೂ ಯಾರಿಗಾದರೂ ಸಲ್ಮಾನ್ ಆಗಿರಿ. ಎರಡು ವಾರ ಕಳೆದರೂ ಮನದ ಕತ್ತಲು ಸರಿಯದಿದ್ದರೆ ವೈದ್ಯರನ್ನು ಕಾಣಿರಿ. ದುಆ ಮತ್ತು ಔಷಧ ಒಂದಕ್ಕೊಂದು ವೈರಿಗಳಲ್ಲ. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಆ ಕ್ಷಣವೇ ಯಾರಿಗಾದರೂ ಹೇಳಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಹೆತ್ತವರೇ, ಮಗು ಅಂತಹ ಮಾತು ಆಡಿದರೆ ಹರಾಮ್ ಎಂದು ಬಾಯಿ ಮುಚ್ಚಿಸಬೇಡಿ. ಮರ್ಯಮ್(ಅ)ರಿಗೆ ದೊರೆತ ನೀರನ್ನೂ ಹಣ್ಣನ್ನೂ ನೆನಪಿಸಿಕೊಂಡು ಮೊದಲು ಬಳಿಯಲ್ಲಿ ಕುಳಿತುಕೊಳ್ಳಿ, ಒಂಟಿಯಾಗಿ ಬಿಡಬೇಡಿ. ಇಂದು ರಾತ್ರಿ ಹಾಸ್ಟೆಲಿಗೆ ಫೋನ್ ಮಾಡುವಾಗ ಅಂಕಗಳ ವಿಷಯ ಒಮ್ಮೆ ಬದಿಗಿಟ್ಟು, ಊಟ ಮಾಡಿದೆಯಾ, ನಿದ್ರೆ ಬರುತ್ತಿದೆಯಾ, ಮನಸ್ಸು ಹೇಗಿದೆ ಎಂದು ಕೇಳಿ ನೋಡಿ. ಉತ್ತರ ಬರಲು ತಡವಾದರೆ ಕಾಯಿರಿ.

ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಅವರ ವಿದ್ಯೆಯೊಂದಿಗೆ ಅವರ ಮನಸ್ಸನ್ನೂ ಕಾಪಾಡುವ ವಿವೇಕವನ್ನು ಅವನು ನಮಗೆಲ್ಲ ದಯಪಾಲಿಸಲಿ. ಆಮೀನ್.